ಜಾಲಿಮುಳ್ಳಿನ ಕೀಲಿ

ಹಿಂದಕ್ಕೆ, ಗಿಡಗಂಟಿಗಳಿಗೂ ಬಾಯಿ ಇದ್ದ ಕಾಲದಲ್ಲಿ, ಜಾಲಿಮುಳ್ಳೊಂದು ದೇವರ ಕಟ್ಟೆಗೆ ಹೋಗಿ ಗೋಳಾಡಿತಂತೆ. ‘ಹೂವು ನಿನ್ನ ಮುಡಿಗೇರಿತು, ಹಣ್ಣು ಮಂದಿಯ ಬಾಯಿಗೆ ಬಿತ್ತು, ಎಲೆ ಆಡಿನ ಹೊಟ್ಟೆ ಸೇರಿತು. ನನ್ನನ್ನು ಕಂಡರೆ ಮಾತ್ರ ಎಲ್ಲರೂ ಕಾಲೆತ್ತಿ ದಾಟಿ ಹೋಗುತ್ತಾರೆ. ನಾನು ಯಾರ ಮನೆಗೆ ಹೋಗಲಿ?’ ದೇವರು ಊರನ್ನೆಲ್ಲ ಒಮ್ಮೆ ನೋಡಿ, ಊರಾಚೆಗಿನ ಕೇರಿಯ ಕಡೆ ಬೊಟ್ಟು ಮಾಡಿದನಂತೆ. ‘ಅಲ್ಲಿಯ ಮನೆಗಳಿಗೆ ಬಾಗಿಲಿಲ್ಲ, ಬಾಗಿಲಿದ್ದರೆ ಕೀಲಿಯಿಲ್ಲ. ಹೋಗು, ಅವರ ಕೀಲಿಯಾಗು. ನಿನ್ನನ್ನು ಇಟ್ಟ ಕೈಯೇ ನಿನ್ನನ್ನು ತೆಗೆಯಬೇಕು. ಬೇರೆಯವರು ಮುಟ್ಟಿದರೆ ಅವರ ಮನೆಯ ಒಲೆ ಆರಲಿ.’

ಅಂದಿನಿಂದ ಇಂದಿನವರೆಗೆ, ಬೆಳಕು ಹರಿಯುವ ಮುಂಚೆ ಕೂಲಿಗೆ ಹೊರಡುವ ಹೆಂಗಸರು ಬಾಗಿಲಿಗೆ ಅಡ್ಡ ಒಂದು ಜಾಲಿಕಂಟಿ ಇಟ್ಟು ಹೋಗುತ್ತಾರೆ. ನಾಯಿ ನುಗ್ಗುವುದಿಲ್ಲ, ಆಡು ನುಗ್ಗುವುದಿಲ್ಲ, ಕೇರಿಯ ಮನುಷ್ಯರಂತೂ ನುಗ್ಗುವುದೇ ಇಲ್ಲ. ಬಾಗಿಲಿಗೆ ಕಂಟಿ ಇದೆ ಎಂದರೆ ಮನೆಯವರು ಸಂಜೆಗೆ ಬರುತ್ತಾರೆ ಎಂದು ಅರ್ಥ.

ಈ ಕಥೆಯನ್ನು ಬಸ್ಸಮ್ಮನಿಗೆ ಅವಳ ಅಜ್ಜಿ ಹೇಳಿದ್ದಳು. ಹನುಮಂತರಾಯ ಸಾಹೇಬರಿಗೆ ಯಾವ ಅಜ್ಜಿಯೂ ಹೇಳಿರಲಿಲ್ಲ.

‘ಎಷ್ಟು ಸಲ ಹೇಳ್ಬೇಕಬೇ ನಿನಗ? ಆ ಹುಡುಗನ ಮನ್ಯಾಗ ಯಾರೂ ಇಲ್ಲ. ತಾಯಿ ಪತ್ತೆ ಇಲ್ಲ. ಯಾರ ಕೈಯಾಗ ಕೊಟ್ಟು ಕಳಸೋದು ಅವನ್ನ?’

‘ನಾನೇ ತಾಯಿರೀ ಸಾಹೇಬ್ರ. ನಿಮ್ಮ ಮುಂದ ನಿಂತೀನಲ್ರೀ.’

‘ನೀ ನಿಂತ್ರ ಏನಾತು? ಕಾಗದದಾಗ ನೀ ಇಲ್ಲ.’

ಲಿಂಗಸುಗೂರಿನ ಮಕ್ಕಳ ರಕ್ಷಣೆಯ ಆಫೀಸಿಗೆ ಬಸ್ಸಮ್ಮ ಬಂದದ್ದು ಇದು ನಾಲ್ಕನೆಯ ಸಲ. ಪ್ರತಿ ಸಲವೂ ಒಂದು ದಿನದ ಕೂಲಿ ಬಿಟ್ಟು, ತುರ್ವಿಹಾಳಕ್ಕೆ ನಡೆದು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಪ್ರತಿ ಸಲವೂ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಿಸಿದ್ದರು. ಇವತ್ತು ಸಾಹೇಬರಿಗೆ ಊಟದ ಹೊತ್ತು ಮೀರಿ ಸಿಟ್ಟು ನೆತ್ತಿಗೇರಿತ್ತು. ಫೈಲು ಬಿಚ್ಚಿ ಒಂದು ಫೋಟೋವನ್ನು ಮೇಜಿನ ತುದಿಗೆ ತಳ್ಳಿದರು.

‘ನೋಡು. ನಿನ್ನ ಅರಮನಿ. ನಾನೇ ಜೀಪಿನ್ಯಾಗ ಹೋಗಿ ತಗಸೀನಿ. ಬಾಗಲ ತುಂಬ ಮುಳ್ಳು ಬೆಳದೈತಿ. ಮಂದಿ ಇರೋ ಮನಿಯೇನ ಇದು?’

ಬಸ್ಸಮ್ಮ ಬಗ್ಗಿ ನೋಡಿದಳು. ಅವಳದೇ ಬಾಗಿಲು. ಅವಳದೇ ಕಂಟಿ. ಹಿಡಿಯಲು ಅನುಕೂಲವಾಗಲೆಂದು ಬುಡಕ್ಕೆ ಸುತ್ತಿದ್ದ ಹಳೇ ಕೆಂಪು ಸೀರೆಯ ಅಂಚು ಕೂಡ ಫೋಟೋದಲ್ಲಿ ಎದ್ದು ಕಾಣುತ್ತಿತ್ತು.

‘ಬೆಳದಿಲ್ರೀ. ನಾನೇ ಇಟ್ಟಿದ್ದು. ಅದು ಕೀಲಿರೀ.’

‘ಏನು?’

‘ಕೀಲಿರೀ ಸಾಹೇಬ್ರ. ನಾಟಿಗೆ ಹೋಗೋ ಮುಂದ ಇಟ್ಟು ಹೋಗ್ತೀವ್ರಿ. ಸಂಜಿಗೆ ಬಂದು ತೆಗೀತೀವ್ರಿ.’

ಸಾಹೇಬರು ಪಕ್ಕದ ಮೇಜಿನ ಗುಮಾಸ್ತನ ಕಡೆ ತಿರುಗಿದರು. ‘ಕೇಳಿದ್ರೇನ್ರಿ? ಮುಳ್ಳು ಕೀಲಿ ಅಂತ! ನಾಳಿ ಇವ್ರು ಬಂದು ಹೇಲು ಗೊಬ್ಬರ ಅಲ್ರೀ, ಬಂಗಾರ ಅಂದ್ರೂ ಬರಕೋಬೇಕು ನಾವು.’ ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಫೈಲು ಮುಚ್ಚಿತು.

ಅವಳ ಮಗ ನಿಂಗರಾಜನಿಗೆ ಹದಿನಾರು. ಹತ್ತನೇ ಇಯತ್ತೆಯ ಹುಡುಗ. ಅಪ್ಪ ಗದ್ದೆಪ್ಪ ತೀರಿಹೋದ ಮೇಲೆ, ಶಾಲೆ ಬಿಟ್ಟ ಹೊತ್ತಿನಲ್ಲಿ ಸಂಗನಬಸವ ಗೌಡನ ಗದ್ದೆಗೆ ನೀರು ತಿರುವುತ್ತಿದ್ದ. ಶ್ರಾವಣದಲ್ಲಿ ಕಾಲುವೆಯ ಕೊನೆಗೆ ನೀರು ಬರಲಿಲ್ಲ. ಗೌಡ ಅವನ ಕೈಗೆ ಹಾರೆ ಕೊಟ್ಟು ಮೇಲಿನ ತೂಬಿನ ಬೀಗ ಒಡೆಸಿದ. ನೀರು ಗೌಡನ ಗದ್ದೆಗೆ ಬಂತು. ಪೊಲೀಸರು ಕೇರಿಗೆ ಬಂದರು. ಗೌಡ ಬಸ್ಸಮ್ಮನನ್ನು ಕಟ್ಟೆಗೆ ಕರೆಸಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದ್ದ: ‘ಸಣ್ಣ ಹುಡುಗ್ರಿಗೆ ಜೈಲಿಲ್ಲಬೇ. ನಾನೇ ಒಡದೆ, ಯಾರೂ ಹೇಳಿಲ್ಲ ಅನ್ಲಿ. ಎಂಟು ದಿನದಾಗ ನನ್ನ ಗಾಡ್ಯಾಗ ಕರಕೊಂಡು ಬರ್ತೀನಿ. ನನ್ನ ಮಾತು ಅಂದ್ರ ಮಾತು.’

ಅವಳೇ ಮಗನಿಗೆ ‘ಹಂಗ ಅನ್ನಪ್ಪ’ ಎಂದಿದ್ದಳು. ಆ ಎಂಟು ದಿನ ಈಗ ಐದು ತಿಂಗಳಾಗಿತ್ತು. ಎರಡನೇ ವಾರದಲ್ಲೇ ಮಕ್ಕಳ ನ್ಯಾಯ ಮಂಡಳಿಯವರು, ‘ಮನೆ ನೋಡಿ ವರದಿ ಕೊಡಿ, ತಾಯಿಯ ಕೈಗೆ ಒಪ್ಪಿಸಿ’ ಎಂದಿದ್ದರು. ಮನೆ ನೋಡಲು ಹೋದವರು ನೋಡಿದ್ದು ಮುಳ್ಳನ್ನು.

ತಿಂಗಳಿಗೊಮ್ಮೆ ಜಿಲ್ಲೆಯ ಬಾಲಮಂದಿರದಲ್ಲಿ ಮಗನನ್ನು ನೋಡಲು ಬಿಡುತ್ತಿದ್ದರು. ಆ ಸಲ ನಿಂಗರಾಜ ಬಂದು ಕೈ ಹಿಂದೆ ಕಟ್ಟಿ ನಿಂತ. ತಲೆ ಬೋಳಿಸಿದ್ದರು. ಕೂರು ಎನ್ನುವವರೆಗೆ ಕೂರಲಿಲ್ಲ.

‘ಉಂಡಿಯೇನೋ?’

‘ಉಂಡೀನ್ರಿ.’

‘ನನಗ ಯಾಕ ರೀ ಹಚ್ಚತಿಯೋ?’

ಅವನು ನೆಲ ನೋಡಿದ. ಕಾವಲಿನವನಿಗೆ ಕೇಳದ ಹಾಗೆ, ‘ಅವ್ವಾ, ನೀ ಊರು ಬಿಟ್ಟು ಹೋಗಿಯಂತ ಹೌದಾ?’ ಎಂದ.

‘ಯಾವ ಭಾಡ್ಯಾ ಅಂದ?’

‘ಇಲ್ಲಿ ಎಲ್ಲಾರೂ ಅಂತಾರ. ನಿನ್ನ ಮನಿ ಪಾಳು ಬಿದ್ದೈತಿ, ನಿಮ್ಮವ್ವ ಗುಳೆ ಹೋಗ್ಯಾಳ, ನೀ ಹೊರಗ ಹೋದ್ರೂ ಎಲ್ಲಿಗೆ ಹೋಗ್ತೀ ಅಂತಾರ. ನೀ ತಿಂಗಳಿಗೊಮ್ಮೆ ಬರೋದು ಎಲ್ಲಿಂದ ಅಂತ ನನಗ ತಿಳೀವಲ್ದು.’

ಬಸ್ಸಮ್ಮ ಇಬ್ಬರ ನಡುವಿದ್ದ ತಂತಿ ಜಾಲರಿಗೆ ಒರಗಿದಳು. ಜಾಲರಿಯ ಕಿಂಡಿಯಲ್ಲಿ ಎರಡು ಬೆರಳು ತೂರಿಸಿ ಮಗನ ಅಂಗಿಯ ಗುಂಡಿ ಹಿಡಿದಳು.

‘ಕೇಳಿಲ್ಲಿ. ಆ ಕೆಂಪು ಅಂಚಿನ ಕಂಟಿ ಐತಲ್ಲ, ಅದನ್ನೇ ಇನ್ನೂ ದಿನಾ ಇಡ್ತೀನಿ, ದಿನಾ ತೆಗೀತೀನಿ. ಒಣಗಿ ಕಬ್ಬಿಣ ಆಗೈತಿ. ನೀ ಮನಿಗೆ ಬಂದ ದಿನ ಅದನ್ನ ಮುರದು ಒಲಿಗಿ ಹಾಕಿ, ಅದರ ಉರಿ ಮ್ಯಾಲ ನಿನಗ ರೊಟ್ಟಿ ಸುಡ್ತೀನಿ. ಅಲ್ಲೀತನ ಆ ಕಂಟಿ ಒಲಿಗಿ ಹೋಗಂಗಿಲ್ಲ. ಇದು ನಿಮ್ಮವ್ವನ ಮಾತು, ಗೌಡಂದಲ್ಲ.’

ಗಂಟೆ ಹೊಡೆಯಿತು. ಮಾತಿನ ನಡುವೆಯೇ ನಿಂಗರಾಜ ತಿರುಗಿ ಸಾಲಿಗೆ ಓಡಿದ.

ಎಳ್ಳ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಗೌಡನ ಗದ್ದೆಯಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ಹನ್ನೊಂದು ಹೆಂಗಸರು ಸಾಲು ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಿದ್ದರು. ಆ ಗುಂಪಿಗೆ ರಹೀಮಾಬೀ ಹಿರಿಯಳು. ಅವಳ ಬಾಯಿಗೆ ಗೌಡನೂ ಹೆದರುತ್ತಿದ್ದ. ಬದುವಿನ ಮೇಲೆ ನೀಲಿ ಸ್ಕೂಟಿ ಬಂದು ನಿಂತಿತು. ಇಳಿದ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಸೀದಾ ಕೆಸರಿಗೇ ಇಳಿದಳು.

‘ಬಸ್ಸಮ್ಮ ಯಾರು? ನಾ ಸುರೇಖಾ. ಮಸ್ಕಿಯಾಕಿ. ಒಳಗಿರೋ ಹುಡುಗ್ರು ಮನಿಗೆ ಹೋಗೋಹಂಗ ನೋಡಿಕೊಳ್ಳೋ ಹೊಸ ನೌಕರಿ ನಂದು.’

‘ಹೊಸ ನೌಕರಿ!’ ರಹೀಮಾಬೀ ಸೊಂಟ ನೆಟ್ಟಗೆ ಮಾಡಿದಳು. ‘ಎಷ್ಟು ಮಂದಿ ಬಂದೀರವ್ವ?’

‘ಸೇವೆ ವಿಸ್ತರಣೆ ಮಾಡ್ಯಾರ ಅಮ್ಮ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ತಾಲೂಕಿಗೆ. ಮೊದಲು ಯಾರೂ ಇದ್ದಿಲ್ಲ. ಈಗ ನಾನೊಬ್ಬಾಕಿ ಇದ್ದೀನಿ.’

ಹೆಂಗಸರು ನಗಲಿಲ್ಲ. ಸುರೇಖಾಳ ಅಪ್ಪ ಹಟ್ಟಿಯ ಗಣಿಯಲ್ಲಿ ದುಡಿದವನು, ಅವ್ವ ಇವರ ಹಾಗೆಯೇ ಸಸಿ ಊರಿದವಳು. ಮಾತಾಡುತ್ತಲೇ ಬಗ್ಗಿ, ಬಸ್ಸಮ್ಮನ ಪಕ್ಕದ ಸಾಲು ಹಿಡಿದು ತಾನೂ ಸಸಿ ಊರತೊಡಗಿದಳು. ನಿಂತು ಮಾತಾಡಿದರೆ ಇವಳ ಕೂಲಿ ಕಡಿಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

‘ಅಕ್ಕಾ, ನಿನ್ನ ಫೈಲು ಓದೀನಿ. ಫೋಟೋ ಒಂದೇ ಅಲ್ಲ. ಊರಿನ ಗಣ್ಯರ ಹೇಳಿಕೆ ಅಂತ ಒಂದು ಕಾಗದ ಐತಿ. ಈ ಮನಿಯವ್ರು ಗುಳೆ ಹೋಗ್ಯಾರ, ತಿರುಗಿ ಬರಂಗಿಲ್ಲ ಅಂತ. ಕೆಳಗ ಸಂಗನಬಸವ ಗೌಡರ ಸಹಿ.’

ಬಸ್ಸಮ್ಮನ ಕೈಯಲ್ಲಿದ್ದ ಸಸಿ ನೀರಿಗೆ ಬಿದ್ದು ತೇಲಿತು. ಅವತ್ತು, ಆ ಸಹಿ ಬಿದ್ದ ದಿನ, ಅವಳು ಇದೇ ಗದ್ದೆಯಲ್ಲಿ, ಇದೇ ಗೌಡನ ಕಣ್ಣೆದುರಿಗೆ ಸಸಿ ಊರುತ್ತಿದ್ದಳು.

ಗೌಡ ಆಚೆ ಬದುವಿನಿಂದ ಕೂಗುತ್ತ ಬಂದ. ‘ಏನ ಸಭಾ ಸೇರೀರಿ ಬೋಸುಡ್ಯಾರ? ಸಸಿ ಬಾಡಾಕತ್ತಾವ!’

‘ನಾ ಗುಳೆ ಹೋಗೀನಂತ ಸಹಿ ಮಾಡಿಯಂತಲ್ಲಪ್ಪಾ ಗೌಡ?’ ಬಸ್ಸಮ್ಮ ಕೇಳಿದಳು. ‘ನಾ ಎಲ್ಲಿಗೆ ಹೋಗಿದ್ದೆ? ನಿನ್ನ ಕೆಸರಿನ್ಯಾಗಿಂದ ಎಂದ ಎದ್ದು ಹೋಗಿದ್ದೆ?’

ಗೌಡನ ಮುಖ ಒಂದು ಗಳಿಗೆ ಬಿಳಿಚಿತು. ಮರುಗಳಿಗೆ ಕೆಂಪಾಯಿತು. ಕೈಯ ಕೋಲಿನಿಂದ ಸಸಿಯ ಕಟ್ಟನ್ನು ಅವಳ ಮುಂದಕ್ಕೆ ಬಡಿದ. ಕೆಸರು ಅವಳ ಬಾಯಿ ಕಣ್ಣಿಗೆ ಸಿಡಿಯಿತು.

‘ನಿನ್ನ ಮಗ ಬೀಗ ಒಡದ ಕಳ್ಳ. ಹೊರಗ ಬಂದು ಯಾರ್ಯಾರ ಹೆಸರು ಬೊಗಳ್ತಾನೋ! ಒಳಗಿದ್ರ ಮೂರು ಹೊತ್ತು ಕೂಳರ ಸಿಗತೈತಿ. ಊರಲೇ ಸಸಿ!’

ಬಸ್ಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ‘ಈ ಸಾಲು ಊರಿ ಮುಗಸ್ರಿ,’ ಎಂದಳು ರಹೀಮಾಬೀ, ಗೌಡನ ಕಡೆ ನೋಡದೆ. ‘ಸಸಿದೇನು ತಪ್ಪೈತಿ?’

ಹಳೇ ವರದಿ ಬದಲಾಗಬೇಕಾದರೆ ಮತ್ತೊಮ್ಮೆ ಮನೆ ನೋಡಲು ಹನುಮಂತರಾಯರ ಆದೇಶ ಬೇಕಿತ್ತು. ಸುರೇಖಾ ಕೇಳಿದಾಗಲೆಲ್ಲ ಸಾಹೇಬರು ‘ಕಾರ್ಯಕ್ರಮ ಮುಗೀಲಿ’ ಎನ್ನುತ್ತಿದ್ದರು. ಕಾರ್ಯಕ್ರಮ ಎಂದರೆ ಮಸ್ಕಿಯಲ್ಲಿ ‘ಹೊಸ ಬಾಗಿಲು’ ಎಂಬ ಕೇಂದ್ರದ ಉದ್ಘಾಟನೆ. ಒಳಗಿನಿಂದ ಹೊರಬರುವ ಮಕ್ಕಳಿಗೆ ಶಾಲೆ, ಕೆಲಸ, ಮನೆ ಹುಡುಕಿಕೊಡುವ ಕೇಂದ್ರ. ಸುರೇಖಾ ಮೂರು ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ತಿರುಗಿದಳು. ರಿಬ್ಬನ್ನು ಕತ್ತರಿಸಿದರು. ಫೋಟೋ ತೆಗೆಸಿಕೊಂಡರು. ಆಮೇಲೆ ಬಾಗಿಲಿಗೆ ಹಿತ್ತಾಳೆ ಬೀಗ ಬಿತ್ತು. ಬೀಗದ ಕೈ ಸಾಹೇಬರ ಜೇಬಿನಲ್ಲಿತ್ತು.

‘ಏನಿದ್ರೂ ಅಲ್ಲಿಗೇ ಹೋಗ್ಬೇ’ ಎಂದು ಲಿಂಗಸುಗೂರಿನಲ್ಲಿ ಹೇಳಿ ಕಳಿಸಿದ್ದರು. ಬಸ್ಸಮ್ಮ ಮಸ್ಕಿಗೆ ಒಂದು ಸಲ ಹೋದಳು: ಬೀಗ. ಎರಡನೇ ಸಲ ಹೋದಳು: ಬೀಗ, ಮೇಲೊಂದು ಜೇಡರ ಬಲೆ. ಕಟ್ಟೆಯ ಮೇಲೆ ಸಂಜೆ ನಾಲ್ಕರವರೆಗೆ ಕೂತು, ಎದುರಿನ ಚಹಾದಂಗಡಿಯವನಿಂದ ‘ಏಳಬೇ, ಗಿರಾಕಿ ಬರ್ತಾರ’ ಅನ್ನಿಸಿಕೊಂಡು ಎದ್ದು ಬಂದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಬಾಗಲ ನೋಡಿ ಬರದ್ರು. ಬಾಗಲ ನೋಡಿ ಬರದ್ರು.

ಆ ಸಂಜೆ ಸುರೇಖಾ ಕೇರಿಗೆ ಬಂದವಳು ಸೋತ ದನಿಯಲ್ಲಿ, ‘ಅಮಾಸಿ ದಿನ ಹನ್ನೊಂದಕ್ಕ ಮ್ಯಾಲಿನ ಮೇಡಂ ಕೇಂದ್ರ ನೋಡಾಕ ಬರ್ತಾರಂತ. ಅವತ್ತು ಮಾತ್ರ ಬಾಗಲ ತೆರೀತಾರ ನೋಡಕ್ಕ’ ಎಂದಳು.

‘ಅಮಾಸಿ ದಿನ ನಮಗೂ ಕೂಲಿ ಇಲ್ಲ,’ ಎಂದಳು ಬಸ್ಸಮ್ಮ.

ಅಮಾವಾಸ್ಯೆಯ ಬೆಳಗ್ಗೆ ಹನ್ನೊಂದೂ ಹೆಂಗಸರು ಎಳ್ಳು ಹೋಳಿಗೆ ಬಿಟ್ಟು ಮೊದಲ ಬಸ್ಸು ಹತ್ತಿದರು. ಮನೆಯ ಕಂಟಿಯನ್ನು ಬಸ್ಸಮ್ಮ ಮನೆಯ ಬಾಗಿಲಿಗೇ ಇಟ್ಟು ಬಂದಿದ್ದಳು. ಮಸ್ಕಿಯ ಹೊರಗೆ, ಹಳ್ಳದ ದಂಡೆಯಲ್ಲಿ, ಒಂದು ಎಳೆಯ ಜಾಲಿಯ ರೆಂಬೆ ಕಡಿದು ಹೆಗಲಿಗಿಟ್ಟುಕೊಂಡಳು. ಕೇಂದ್ರದ ಬಾಗಿಲಿಗೆ, ಹಿತ್ತಾಳೆ ಬೀಗದ ಮೇಲೆಯೇ, ಅದನ್ನು ಅಡ್ಡಲಾಗಿ ಇಟ್ಟಳು. ಮೇಲೆ ‘ಹೊಸ ಬಾಗಿಲು’ ಬೋರ್ಡು. ಕೆಳಗೆ ಹಸಿರು ಮುಳ್ಳು. ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತರು.

ಸುರೇಖಾ ಬಂದಳು, ನೋಡಿದಳು. ಕಂಟಿ ಮುಟ್ಟಲಿಲ್ಲ. ಫೋನು ತೆಗೆದು ಒಂದು ಫೋಟೋ ತೆಗೆದಳು.

ಹತ್ತೂವರೆಗೆ ಜೀಪು ಬಂತು. ಹನುಮಂತರಾಯರು ಇಳಿದು ಕಣ್ಣರಳಿಸಿದರು. ‘ಯಾವ ಸೂಳೆಮಗ ಇಟ್ಟಾನ ಇದನ್ನ? ಏ ಡ್ರೈವರ್, ತೆಗಿ!’

ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ. ಅವನೂ ಇಂಥದೇ ಕೇರಿಯವನು. ‘ಸಾಹೇಬ್ರ, ನಾ ಮುಟ್ಟಂಗಿಲ್ರಿ. ಇಟ್ಟಾಕಿನೇ ತೆಗೀಬೇಕ್ರಿ. ಇಲ್ಲಂದ್ರ ಒಲಿ ಆರತೈತ್ರಿ.’

‘ಥೂ ನಿಮ್ಮ!’ ಎಂದು ಸಾಹೇಬರು ತಾವೇ ಕೈ ಹಾಕಿದರು. ಹಸಿ ಜಾಲಿಮುಳ್ಳು ಬೆರಳಿಗೆ ಅರ್ಧ ಇಳಿಯಿತು. ಅವರು ಬಾಯಿಗೆ ಬೆರಳಿಟ್ಟುಕೊಂಡು ಕುಣಿದರು.

‘ಯಾ ಅಲ್ಲಾ,’ ಎಂದಳು ರಹೀಮಾಬೀ. ‘ಪಾಳು ಮನಿ ಮುಳ್ಳಿಗೂ ಇಷ್ಟು ಧಿಮಾಕಾ?’

ಬಸ್ಸಮ್ಮ ಎದ್ದು ನಿಂತಳು. ಈ ಸಲ ಚಪ್ಪಲಿ ಬಿಡುವ ಜಾಗದಲ್ಲಿ ಅಲ್ಲ, ಬಾಗಿಲಿನ ನಟ್ಟನಡುವೆ.

‘ಮೂರು ಸಲ ಬಂದೀನ್ರಿ ಸಾಹೇಬ್ರ. ಮೂರು ಸಲನೂ ಯಾರೂ ಇಲ್ಲ. ಸುರೇಖಾಬಾಯಾರ, ಬರಕೊಳ್ರಿ. ಈ ಮನಿ ಪಾಳು ಬಿದ್ದೈತಿ. ಇಲ್ಲಿದ್ದವರು ಗುಳೆ ಹೋಗ್ಯಾರ, ತಿರುಗಿ ಬರಂಗಿಲ್ಲ. ಫೋಟೋ ಐತಿ. ಹೇಳಿಕೆಗೆ ನಾವು ಹನ್ನೊಂದು ಮಂದಿ ಹೆಬ್ಬಟ್ಟು ಒತ್ತತೀವಿ. ಬಂದ ಮೇಡಂಗೆ ಕೊಡ್ರಿ.’

‘ನಾ ಇಲ್ಲೇ ನಿಂತೀನಲ್ಲಬೇ!’ ಸಾಹೇಬರು ಕಿರುಚಿದರು.

‘ನೀವು ನಿಂತ್ರ ಏನಾತ್ರಿ?’ ಎಂದಳು ಬಸ್ಸಮ್ಮ.

ಚಹಾದಂಗಡಿಯ ಮಂದಿ ಎದ್ದು ಬಂದು ಸುತ್ತ ನಿಂತಿದ್ದರು. ಸಾಹೇಬರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮೇಡಂ ಅವರ ಗಾಡಿ ಊರು ಹೊಕ್ಕಿತ್ತು. ಸುರೇಖಾ ಮುಂದೆ ಬಂದಳು. ಬ್ಯಾಗಿನಿಂದ ಒಂದು ಹಾಳೆ ತೆಗೆದು ಜೀಪಿನ ಮೂತಿಯ ಮೇಲೆ ಹರವಿದಳು. ಎರಡನೇ ಸಲ ಮನೆ ನೋಡುವ ಆದೇಶ. ಅವಳು ಹತ್ತು ದಿನದಿಂದ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದ ಹಾಳೆ, ಮಡಿಕೆಗಳಲ್ಲಿ ಹರಿದಿತ್ತು. ಸಾಹೇಬರು ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಬೆರಳಿನ ರಕ್ತದ ಚುಕ್ಕೆಯೂ ಬಿತ್ತು.

ಬಸ್ಸಮ್ಮ ಕಂಟಿ ತೆಗೆದಳು. ಬಿಸಾಡಲಿಲ್ಲ. ಗೋಡೆಗೆ ಆನಿಸಿಟ್ಟಳು. ‘ಇಲ್ಲೇ ಇರ್ಲಿ ಬಿಡ್ರಿ. ಮತ್ತ ಬೇಕಾಗತೈತಿ.’

ಅದೇ ಸಂಜೆ ಸುರೇಖಾ ಬಸ್ಸಮ್ಮನ ಹೊಸ್ತಿಲ ಮೇಲೆ ಕೂತು ಹೊಸ ವರದಿಯ ಹಾಳೆ ತುಂಬಿದಳು. ಎರಡು ಕೊಡ, ಮೂರು ಪಾತ್ರೆ, ಗೂಟಕ್ಕೆ ನೇತು ಹಾಕಿದ ಶಾಲೆಯ ಚೀಲ. ಎಲ್ಲ ಬರೆದುಕೊಂಡು ಕೊನೆಗೆ ಕೇಳಿದಳು, ‘ಮನಿಗೆ ಕೀಲಿ ಐತೇನಕ್ಕ?’

ಬಸ್ಸಮ್ಮ ಬಾಗಿಲ ಪಕ್ಕಕ್ಕೆ ಆನಿಸಿದ್ದ ಕಂಟಿಯ ಕಡೆ ಕೈ ಮಾಡಿದಳು. ಸುರೇಖಾ ಒಮ್ಮೆ ಅತ್ತ ನೋಡಿ ‘ಇದೆ’ ಎಂದು ಬರೆದಳು.

ಮಂಡಳಿ ಕೂತು ಅಪ್ಪಣೆ ಆಗಲು ಮತ್ತೆ ಹದಿನೇಳು ದಿನ. ಹದಿನೆಂಟನೆಯ ಸಂಜೆ ಸುರೇಖಾ ನಿಂಗರಾಜನನ್ನು ಬಸ್ಸಿನಿಂದ ಇಳಿಸಿ ಕೇರಿಗೆ ಕರೆತಂದಳು. ಶಾಲೆಯಲ್ಲಿ ಇನ್ನೂ ಹೆಸರು ಹಚ್ಚಿರಲಿಲ್ಲ. ‘ಬೀಗ ಒಡದಾವನ್ನ ಪರೀಕ್ಷಾಕ್ಕ ಕೂರಸಂಗಿಲ್ಲ’ ಎಂದು ಹೆಡ್ ಮಾಸ್ತರು ಹೇಳಿದ್ದರು. ಅದಕ್ಕೊಂದು ಬೇರೆ ಹಾಳೆ ಸುರೇಖಾಳ ಬ್ಯಾಗಿನಲ್ಲಿತ್ತು. ಸಿಂಧನೂರಿನ ಕಡೆ ಇನ್ನೊಬ್ಬ ಹುಡುಗನ ಮನೆ ನೋಡಬೇಕೆಂದು ಅವಳು ನೀರು ಕುಡಿದು ಹೊರಟುಹೋದಳು.

ನಿಂಗರಾಜ ಬಾಗಿಲ ಹೊರಗೆ ಕೈ ಹಿಂದೆ ಕಟ್ಟಿ ನಿಂತೇ ಇದ್ದ.

‘ಒಳಗ ಬರಲ್ಯಾ ರೀ?’

ಒಲೆಯ ಮುಂದೆ ಕೂತಿದ್ದ ಬಸ್ಸಮ್ಮ ಅವನನ್ನು ನೋಡಿದಳು. ಎದ್ದು ಹೋಗಿ, ಕಟ್ಟಿದ ಕೈಗಳನ್ನು ಹಿಂದಿನಿಂದ ಒಂದೊಂದಾಗಿ ಬಿಡಿಸಿ, ರಟ್ಟೆ ಹಿಡಿದು ಹೊಸ್ತಿಲು ದಾಟಿಸಿ ಒಲೆಯ ಮುಂದೆ ಕೂರಿಸಿದಳು. ಬರುವಾಗ ಇನ್ನೊಂದು ಕೈಯಲ್ಲಿ ಕಂಟಿಯನ್ನೂ ಎಳೆದುಕೊಂಡು ಬಂದಳು.

ಹೊರಗೆ ಗೌಡನ ಮೋಟರ್ ಸೈಕಲ್ ನಿಂತ ಸದ್ದು. ಹಾರ್ನು ಎರಡು ಸಲ ಹೊಡೆಯಿತು.

‘ಏ ನಿಂಗ್ಯಾ! ಬಂದಿಯಂತಲ್ಲಲೇ? ನಾಳಿಂದ ನೀರಿಗೆ ಬಾ. ಹಿಂದಿನದೆಲ್ಲ ನಾ ಮನಸಿನ್ಯಾಗ ಇಟಗೊಂಡಿಲ್ಲ. ಬಾರಲೇ ಹೊರಗ!’

ನಿಂಗರಾಜ ತಟಕ್ಕನೆ ಎದ್ದು ನಿಂತ. ಕೈ ತಾನಾಗಿ ಹಿಂದಕ್ಕೆ ಹೋಯಿತು. ಬಸ್ಸಮ್ಮ ಅವನ ಮೊಣಕಾಲು ಹಿಡಿದು ಜಗ್ಗಿ ಕೂರಿಸಿದಳು. ಬಾಗಿಲ ಕಡೆ ತಿರುಗದೆಯೇ ದನಿ ಎತ್ತಿದಳು:

‘ಈ ಮನ್ಯಾಗ ಯಾರೂ ಇಲ್ಲ ಅಂತ ನೀನೇ ಸಹಿ ಮಾಡಿಯಲ್ಲೋ ಗೌಡ. ಇಲ್ಲದವ್ರನ್ನ ಯಾಕ ಕರೀತೀ?’

ಹೊರಗೆ ಇಂಜಿನ್ನು ಗುರುಗುಡುತ್ತಲೇ ಇತ್ತು. ಹೋಗಲೂ ಇಲ್ಲ, ಇಳಿದು ಬರಲೂ ಇಲ್ಲ.

ಬಸ್ಸಮ್ಮ ಕಂಟಿಯ ಬುಡದ ಕೆಂಪು ಅಂಚು ಬಿಚ್ಚಿ ಪಕ್ಕಕ್ಕಿಟ್ಟಳು. ಮೊಣಕಾಲಿಗೆ ಒತ್ತಿ ಕಂಟಿಯನ್ನು ಎರಡಾಗಿ ಮುರಿದಳು, ನಾಲ್ಕಾಗಿ ಮುರಿದಳು. ಒಣಗಿದ ಮುಳ್ಳು ಒಂದೆರಡು ಕಡೆ ಅವಳ ಅಂಗೈ ಹರಿಯಿತು. ಒಲೆಗೆ ತುರುಕಿದಳು. ಆರು ತಿಂಗಳ ಬಿಸಿಲು ಕುಡಿದ ಜಾಲಿ ಭುಗಿಲ್ಲೆಂದು ಹತ್ತಿಕೊಂಡಿತು. ಜೋಳದ ಹಿಟ್ಟು ಬಡಿದು ಹಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ರೊಟ್ಟಿ ಉಬ್ಬಿತು.

ಬಿಸಿ ರೊಟ್ಟಿಯನ್ನು ಮಗನ ಅಂಗೈ ಮೇಲಿಟ್ಟಳು. ಅವನು ಅದನ್ನು ಹಿಡಿದುಕೊಂಡು ಅವಳ ಮುಖ ನೋಡುತ್ತ ಕೂತ.

‘ತಿನ್ನಲೇ ನನ್ನ ಮಗನ. ಇಲ್ಲಿ ಯಾರೂ ಗಂಟಿ ಹೊಡ್ಯಾಂಗಿಲ್ಲ.’

ಅವನು ರೊಟ್ಟಿ ಮುರಿದ.